ಒಡೆಯದೆ ಇಟ್ಟ ಗಾಜು

ಬಚ್ಚಲಿನ ಗವಾಕ್ಷಿಯಿಂದ ಏಳು ಗಾಜಿನ ಪಟ್ಟಿ
ಒಂದೊಂದಾಗಿ ಎಳೆದು, ಒಂದನ್ನೂ ಒಡೆಯದೆ
ಹೊರಗೋಡೆಗೆ ಒರಗಿಸಿಟ್ಟಿದ್ದ, ಅಂಚಿಗೆ ಅಂಚು ಹೊಂದಿಸಿ,
ಮದುವೆ ಮನೆಯಲ್ಲಿ ತಟ್ಟೆ ಜೋಡಿಸುವವರ ಹಾಗೆ.
ನಮ್ಮ ಮನೆಯಲ್ಲಿ ಇಷ್ಟು ಅಚ್ಚುಕಟ್ಟಿನವರು ಯಾರೂ ಇಲ್ಲ.

ಹೋದದ್ದು ಕುಕ್ಕರ್, ಹಳೆಯ ಫೋನು,
ಚೀಟಿ ಕಟ್ಟಲು ಇಟ್ಟಿದ್ದ ಎರಡೂವರೆ ಸಾವಿರ,
ಅಕ್ಕಿ ಡಬ್ಬದೊಳಗಿನ ಬೆಂಡೋಲೆ.
ಬಿಟ್ಟು ಹೋದದ್ದು
ಒದ್ದೆ ಸೋಪಿನ ಮೇಲೆ ಒಂದು ಹೆಬ್ಬೆರಳ ಗುಳಿ.
ಮೂರು ದಿನ ಆ ಸೋಪನ್ನು ಯಾರೂ ಮುಟ್ಟಲಿಲ್ಲ.
ನಾಲ್ಕನೆಯ ದಿನ ಸಿಂಚು ಅದರಲ್ಲೇ ಮುಖ ತೊಳೆದಳು.

ಗೋಣಿಕೊಪ್ಪದಲ್ಲಿ ಅದು ಕಾಫಿ ಒಣಗುವ ತಿಂಗಳು.
ಓಣಿಯ ಕೊನೆ, ನೆಲಮಹಡಿ ನಮ್ಮದು,
ಮೇಲೆ ಬೊಳ್ಳಮ್ಮಾಂಟಿ. ಅವರ ಬೀರುವಿನಲ್ಲಿ ಕೋವಿ ಇದೆ,
ಕೈಲ್‌ಪೊಳ್ದಿನಂದು ಅದಕ್ಕೆ ಗಂಧ, ತೋಕ್ ಪೂ.
ಆ ರಾತ್ರಿ ಕೋವಿಯೂ ಮಲಗಿತ್ತು, ಆಂಟಿಯೂ.
"ಬೆಕ್ಕು ಅಂದ್ಕೊಂಡೆ" ಅಂದರು ಬೆಳಿಗ್ಗೆ,
ಗಾಜುಗಳನ್ನು ಮತ್ತೊಮ್ಮೆ ಎಣಿಸುತ್ತಾ.

ಕೇಳು ಆಚಾರಿ ಬಂದ.
ಹೆಸರಷ್ಟೇ ಕೇಳು; ಅವನು ಹೇಳುವವ.
ಕುಕ್ಕರುಗಾಲಲ್ಲಿ ಕೂತು ಬಾಗಿಲ ಕೀಲಿನಿಂದ
ಒಂದು ಸ್ಕ್ರೂ ಬಿಚ್ಚಿ ಅಂಗೈಯಲ್ಲಿಟ್ಟ:
ಮಗುವಿನ ಹಾಲುಹಲ್ಲಿನಷ್ಟು.
"ಎರಡು ಸಾವಿರದ ಬೀಗ, ಎಂಟಾಣೆ ಸ್ಕ್ರೂ.
ಬೀಗ ನೋಡೋದು ನೀವು ಅಕ್ಕ,
ಅವನು ನೋಡೋದು ಬಾಗಿಲಿನ ಇನ್ನೊಂದು ಬದಿ."
ಮೂರಿಂಚಿನವು ಬಂದವು,
ಚೌಕಟ್ಟು ದಾಟಿ ಗೋಡೆಯನ್ನೇ ಕಚ್ಚಿದವು.
ಹಿತ್ತಿಲ ಬಾಗಿಲಿಗೆ ಮೇಲೊಂದು ಕೆಳಗೊಂದು ಚಿಲಕ, ನಡುವೆ ಅಗುಳಿ.
ಗವಾಕ್ಷಿಗೆ ಸರಳು, ಸಿಮೆಂಟಿನಲ್ಲಿ ಗೇಣುದ್ದ ಹೂತದ್ದು.
ಏಳು ಗಾಜನ್ನು ನಾನೇ ತಿರುಗಿ ಕೂರಿಸಿದೆ.
ಒಂದು ಒಡೆಯಿತು. ನನ್ನ ಕೈಯಿಂದ.

ಕೂಲಿ ಎಣಿಸಿಕೊಂಡು ಹೊರಡುವಾಗ ಅವನೆಂದ,
"ಇನ್ನೊಂದು ಬಾಕಿ ಇದೆ.
ನಿಮ್ಮ ಮನೆಗೆ ನೀವೇ ಒಮ್ಮೆ ಕನ್ನ ಹಾಕಿ ನೋಡಿ."

ಭಾನುವಾರ ಮಧ್ಯಾಹ್ನ
ಕೀಲಿಗೊಂಚಲು, ಗಡಿಯಾರ ಎರಡೂ ಸಿಂಚು ಕೈಗೆ ಕೊಟ್ಟು,
ಸೆರಗು ಸಿಕ್ಕಿಸಿ, ಒಂದು ತರಕಾರಿ ಚಾಕು ಹಿಡಿದು
ಮನೆಯನ್ನು ಸುತ್ತಿದೆ.
ಹೀಗೆ ಹೊರಗಿನಿಂದ ನೋಡಿಯೇ ಇರಲಿಲ್ಲ.
ನಾನೇ ನೆಟ್ಟ ದಾಸವಾಳ
ಮಲಗುವ ಕೋಣೆಯ ಕಿಟಕಿಗೆ ಎಷ್ಟು ಒಳ್ಳೆಯ ಮರೆ!
ನೀರಿನ ಡ್ರಮ್ಮು ಕಾಲಿಡಲು ಎಷ್ಟು ಹದವಾದ ಎತ್ತರ!
ಪರದೆಯ ಸಂದಿಯಲ್ಲಿ ಮಡಿಸದ ಹೊದಿಕೆ, ಅರ್ಧ ಕುಡಿದ ಲೋಟ.
ಯಾರೋ ಒಬ್ಬಳು ವಾಸವಿದ್ದಾಳೆ ಒಳಗೆ,
ಸ್ವಲ್ಪ ಸೋಮಾರಿ,
ಒಡವೆಯನ್ನು ಅಕ್ಕಿಯಲ್ಲೇ ಇಡುವಂಥವಳು,
ಜೈಲಿನ ಹಾಗಿರುತ್ತದೆ ಎಂದು ಈ ಕಿಟಕಿಗೆ ಗ್ರಿಲ್ಲು ಬೇಡವೆಂದವಳು.

ಜಾರುಕಿಟಕಿಯ ಸಂದಿಗೆ ಚಾಕು ತೂರಿಸಿ ಅಲುಗಿಸಿದೆ.
ಕೊಂಡಿ ಬಿಟ್ಟುಕೊಂಡಿತು,
ಬಹಳ ದಿನದಿಂದ ಕಾದಿದ್ದ ಹಾಗೆ.
ಚಪ್ಪಲಿ ಸಮೇತ ನನ್ನ ಹಾಸಿಗೆಯ ಮೇಲೆ ಇಳಿದೆ.
"ನಾಲ್ಕು ನಿಮಿಷ!" ಎಂದಳು ಸಿಂಚು ಹೊರಗಿನಿಂದ.
ಭಯವಾಗಬೇಕಿತ್ತು.
ಎದೆ ಹೊಡೆದುಕೊಂಡದ್ದು ಖುಷಿಗೆ.
ಇದನ್ನು ಪೊಲೀಸರಿಗೆ ಹೇಳಲಿಲ್ಲ, ಆಚಾರಿಗೂ ಹೇಳಲಿಲ್ಲ.
ಮೇಲಿನಿಂದ ಆಂಟಿ "ಯಾರದು?" ಎಂದು ಕೂಗಿದರು,
ಈ ಸಲ ಬೆಕ್ಕು ಅನ್ನಲಿಲ್ಲ.

ಕೇಳು ತಂದದ್ದು ಒಂದು ಕಾಫಿ ಕೋಲು,
ಕಿತ್ತು ಹಾಕಿದ ಮುದಿ ರೋಬಸ್ಟಾ, ಸಿಪ್ಪೆ ಹೆರೆದು ನುಣುಪಾಗಿಸಿದ್ದು.
ಕಿಟಕಿಯ ಹಳಿಗೆ ಅಳೆದು ಕತ್ತರಿಸಿ ಮಲಗಿಸಿದ.
ಅಷ್ಟೇ. ಎಂಥ ಚಾಕು ಬಂದರೂ ಕಿಟಕಿ ಈಗ ಜಾರದು.
"ಇದಕ್ಕೆ ದುಡ್ಡು ಬೇಡ" ಎಂದ,
ಟೀ ಕೇಳಿದ.

ಹಗಲಲ್ಲಿ ಗಾಳಿ ಬೇಕು, ಕೋಲು ತೆಗೆಯಬೇಕು.
ತೆಗೆದ ಕೋಲು ಎಲ್ಲಿ ಹೋಗುತ್ತದೆ ಎಂದು
ವಾರದವರೆಗೆ ತಿಳಿಯಲಿಲ್ಲ.
ಆಮೇಲೊಂದು ಸಂಜೆ ಕೆಲಸದಿಂದ ಬರುತ್ತಾ ಕಂಡೆ:
ಓಣಿಯಲ್ಲಿ ಹಾಕಿ ಆಟ, ಗೋಲಿನಲ್ಲಿ ನನ್ನ ಮಗಳು,
ಒಂದು ಗೋಲುಕಂಬ ಇಟ್ಟಿಗೆ,
ಇನ್ನೊಂದು ನಮ್ಮ ಕಿಟಕಿ.

ಕತ್ತಲಾದರೆ ಕರೆಯುತ್ತೇನೆ.
ಲಂಗಕ್ಕೆ ಮಣ್ಣು ಒರೆಸಿ ಕೋಲನ್ನು ಹಳಿಗೆ ಇಡುತ್ತಾಳೆ,
ಎರಡು ಸಲ ಎಳೆದು ನೋಡುತ್ತಾಳೆ.
"ಇವತ್ತು," ಎನ್ನುತ್ತಾಳೆ, "ಒಳಗೆ ಬಿಟ್ಟದ್ದು ಎರಡೇ."